ಜೇಬಿಗೆ ಹಗುರ, ಕೈಗೆ ಭಾರ: ದಿನಾ ಜೊತೆಗಿಡಲು ಯಾವ ಚಿಕ್ಕ ರಿವಾಲ್ವರ್?

ಡಾಲಸ್‌ನಿಂದ ಉತ್ತರಕ್ಕೆ ಹೋದರೆ ನನ್ನ ಸ್ನೇಹಿತನ ಗ್ಯಾಸ್ ಸ್ಟೇಷನ್ ಸಿಗುತ್ತದೆ. ರಾತ್ರಿ 11ಕ್ಕೆ ಬಾಗಿಲು ಹಾಕಿ, ಆ ದಿನದ ದುಡ್ಡಿನ ಚೀಲ ಹಿಡಿದು, ಕಾರಿನ ತನಕ ಒಬ್ಬನೇ ನಡೆದು ಹೋಗುತ್ತಾನೆ. ಹಾಸನದ ಕಡೆಯವನು, ಕೋವಿಯನ್ನು ಕೈಯಲ್ಲಿ ಹಿಡಿದವನಲ್ಲ. ಹೋದ ತಿಂಗಳು ಫೋನ್ ಮಾಡಿ ಕೇಳಿದ: "ಚಿಕ್ಕದು, ಆರಾಮಾಗಿ ಇಟ್ಕೊಳ್ಳೋ ಅಂಥದ್ದು ಒಂದು ರಿವಾಲ್ವರ್ ಹೇಳು ಮಾರಾಯ. ನೀನು ಹೇಳಿದ್ದನ್ನೇ ತಗೋತೀನಿ."

ನಾನು ತಕ್ಷಣ ಹೆಸರು ಹೇಳಲಿಲ್ಲ. ಆರಾಮ ಅಂದರೆ ಯಾರಿಗೆ, ಸೊಂಟಕ್ಕಾ, ಕೈಗಾ ಅಂತ ಕೇಳಿದೆ. ಚಿಕ್ಕ ರಿವಾಲ್ವರ್ ವಿಷಯದಲ್ಲಿ ಇವೆರಡಕ್ಕೂ ಆಗಿಬರುವುದಿಲ್ಲ. ಜೇಬಿನಲ್ಲಿ ಇದೆಯೋ ಇಲ್ಲವೋ ಅನ್ನುವಷ್ಟು ಹಗುರವಾದದ್ದು, ಹೊಡೆದಾಗ ಅಂಗೈಗೆ ಜೋರಾಗಿ ಒದೆಯುತ್ತದೆ. ಹೊಡೆಯಲು ಹಿತವಾದದ್ದು ಸಂಜೆ ಹೊತ್ತಿಗೆ ಪ್ಯಾಂಟನ್ನು ಕೆಳಗೆ ಜಗ್ಗುತ್ತದೆ. ಅಂಗಡಿಯಲ್ಲಿ ನಿಂತಾಗ ಮಾತ್ರ ಮೊದಲನೆಯ ಆರಾಮವೇ ಕಣ್ಣಿಗೆ ಬೀಳುತ್ತದೆ. ಎರಡನೆಯದು ಗೊತ್ತಾಗುವುದು ದುಡ್ಡು ಕೊಟ್ಟ ಮೇಲೆ.

ನನಗೂ ಹಾಗೇ ಆಯಿತು. ಮೊದಲು ತಗೊಂಡದ್ದು .357 ಮ್ಯಾಗ್ನಮ್ ಅನ್ನುವ ಬಲವಾದ ತೋಟಾ ಹಾಕುವ, 12 ಔನ್ಸ್ ತೂಕದ ಒಂದು ರಿವಾಲ್ವರ್. ಅಂದರೆ ಸುಮಾರು 340 ಗ್ರಾಂ, ಒಂದು ತೆಂಗಿನಕಾಯಿಯಷ್ಟೂ ಇಲ್ಲ. ಗುರಿ ಅಭ್ಯಾಸದ ರೇಂಜ್‌ಗೆ ಹೋಗಿ ಮ್ಯಾಗ್ನಮ್ ತೋಟಾಗಳನ್ನೇ ತುಂಬಿ ಹೊಡೆದೆ. ಎರಡನೇ ಸಲಕ್ಕೇ ಹೆಬ್ಬೆರಳು ಮತ್ತು ತೋರುಬೆರಳಿನ ನಡುವಿನ ಚರ್ಮ ಕೆಂಪಾಯಿತು. ನಾಲ್ಕನೇ ಸಲಕ್ಕೆ ರಕ್ತ ಜಿನುಗಿತು. ಐದನೆಯದನ್ನು ಹೊಡೆಯಲಿಲ್ಲ. ತೋಟಾ ಕೂರುವ ಸಿಲಿಂಡರ್ ತೆರೆದು ನೋಡಿದರೆ, ಉಳಿದಿದ್ದ ಆ ಒಂದು ತೋಟಾದ ಸೀಸದ ತಲೆ ಹಿತ್ತಾಳೆಯಿಂದ ಚೂರು ಹೊರಗೆ ಬಂದು ನಿಂತಿತ್ತು. ಒದೆತಕ್ಕೆ ತೋಟಾದ ಚಿಪ್ಪು ಹಿಂದಕ್ಕೆ ಜಾರಿದರೂ ಗುಂಡು ಇದ್ದಲ್ಲೇ ಉಳಿಯಲು ನೋಡುತ್ತದೆ. ಇನ್ನೂ ಸ್ವಲ್ಪ ಹೊರಗೆ ಬಂದಿದ್ದರೆ ಸಿಲಿಂಡರ್ ತಿರುಗದೆ ಅಲ್ಲೇ ಸಿಕ್ಕಿಕೊಳ್ಳುತ್ತಿತ್ತು. ರಿವಾಲ್ವರ್ ಎಂದೂ ಜಾಮ್ ಆಗುವುದಿಲ್ಲ ಎಂದು ಹೇಳುತ್ತಾರಲ್ಲ, ಅದು ನಿಜವಲ್ಲ. ತೀರಾ ಹಗುರವಾದ ಗನ್ನಿಗೆ ಬಲವಾದ ತೋಟಾ ಹಾಕಿದರೆ ಹೀಗೂ ಆಗುತ್ತದೆ.

ಆಮೇಲೆ ನಾಲ್ಕು ತಿಂಗಳು ನಾನು ರೇಂಜ್ ಕಡೆಗೇ ಹೋಗಲಿಲ್ಲ. ಗನ್ ಮಾತ್ರ ದಿನಾ ಜೇಬಿನಲ್ಲಿರುತ್ತಿತ್ತು. ಅಭ್ಯಾಸವಿಲ್ಲದ ಕೈಗೆ ಗುಂಡು ತುಂಬಿದ ಗನ್ ಕೊಟ್ಟುಕೊಂಡು ಓಡಾಡುತ್ತಿದ್ದೆ. ಅದಕ್ಕೇ ಈಗ ಯಾರು ಕೇಳಿದರೂ ಮೊದಲು ಹೇಳುವುದು ಇದನ್ನೇ: ಒಂದು ಸಲಕ್ಕೆ 50 ತೋಟಾ ಹೊಡೆದು, ಮುಂದಿನ ವಾರ ಮತ್ತೆ ಹೋಗೋಣ ಅನಿಸುವ ಗನ್ನುಗಳಲ್ಲಿ ಎಲ್ಲಕ್ಕಿಂತ ಹಗುರವಾದದ್ದನ್ನು ತಗೊಳ್ಳಿ. ಬರೀ ಹಗುರವಾದದ್ದನ್ನಲ್ಲ.

ಅದಕ್ಕೂ ಮೊದಲು ವೀಸಾ

ಅಮೆರಿಕದಲ್ಲಿರುವ ನಮ್ಮವರು ಬಹಳಷ್ಟು ಜನ ಇದನ್ನು ತಿಳಿದಿರುವುದಿಲ್ಲ. ಎಚ್-1ಬಿ, ಎಚ್-4, ಎಲ್-1, ಎಫ್-1, ಹೀಗೆ ಯಾವುದೇ ತಾತ್ಕಾಲಿಕ ವೀಸಾದಲ್ಲಿ ಇರುವವರು ಗನ್ ಆಗಲಿ, ಒಂದೇ ಒಂದು ತೋಟಾ ಆಗಲಿ ಇಟ್ಟುಕೊಳ್ಳುವುದು ಫೆಡರಲ್ ಕಾನೂನಿನ ಪ್ರಕಾರ ಅಪರಾಧ. ಬೇಟೆಯ ಲೈಸೆನ್ಸ್ ಇರುವವರಿಗೆ ಅಂತ ಕೆಲವು ವಿನಾಯಿತಿಗಳಿವೆ. ಆದರೆ ವಕೀಲರನ್ನು ಕೇಳದೆ ಅದನ್ನು ನಂಬಿ ಕೂರಬೇಡಿ. ಸಿಕ್ಕಿಬಿದ್ದರೆ ಗನ್ನಿನ ಜೊತೆಗೆ ಇಲ್ಲಿನ ಬದುಕೂ ಹೋಗುತ್ತದೆ. ಊರಿಂದ ಬಂದ ಅಪ್ಪನನ್ನು ರೇಂಜ್‌ಗೆ ಕರೆದೊಯ್ದು, ಕೈಗೆ ಗನ್ ಕೊಟ್ಟು ಫೋಟೋ ತೆಗೆಯುವ ಆಸೆಯೂ ಬೇಡ. ಬಿ-2 ವೀಸಾ ಕೂಡ ತಾತ್ಕಾಲಿಕ ವೀಸಾನೇ ಅಲ್ವಾ.

ಗ್ರೀನ್ ಕಾರ್ಡ್ ಇದ್ದವರು, ಪೌರತ್ವ ಸಿಕ್ಕಿದವರು ಕೊಳ್ಳಬಹುದು. ಡೀಲರ್ ಹತ್ತಿರ ರಿವಾಲ್ವರ್ ಅಥವಾ ಪಿಸ್ತೂಲ್ ಕೊಳ್ಳಲು 21 ವರ್ಷ ಆಗಿರಬೇಕು. 4473 ಅನ್ನುವ ಫಾರಂ ತುಂಬಬೇಕು, ಹಿನ್ನೆಲೆ ತಪಾಸಣೆ ನಡೆಯುತ್ತದೆ. ಟೆಕ್ಸಸ್‌ನಲ್ಲಿ 2021ರ ಸೆಪ್ಟೆಂಬರ್ 1ರಿಂದ, ಕಾನೂನಿನ ಬೇರೆ ಅಡ್ಡಿ ಇಲ್ಲದ 21 ದಾಟಿದವರು ಲೈಸೆನ್ಸ್ ಇಲ್ಲದೆಯೂ ಕೈಬಂದೂಕು ಒಯ್ಯಬಹುದು. ಆದರೂ ನಾನು ಲೈಸೆನ್ಸ್ ತೆಗೆದುಕೊಂಡೆ, ನೀವೂ ತೆಗೆದುಕೊಳ್ಳಿ. ಅದರ ತರಗತಿಯಲ್ಲಿ ಎಲ್ಲಿ ಒಯ್ಯಬಾರದು ಅಂತ ಸರಿಯಾಗಿ ಹೇಳಿಕೊಡುತ್ತಾರೆ. ಪಕ್ಕದ ಎಷ್ಟೋ ರಾಜ್ಯಗಳೂ ಅದನ್ನು ಒಪ್ಪುತ್ತವೆ. ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾದ ಕಥೆಯೇ ಬೇರೆ, ಅಲ್ಲಿ ಟೆಕ್ಸಸ್‌ನ ಲೈಸೆನ್ಸ್ ನಡೆಯುವುದಿಲ್ಲ.

ಕೈಯಲ್ಲಿ ಹಿಡಿದು ನೋಡಿದ್ದು

ಸ್ನೇಹಿತನನ್ನು ಒಂದು ಶನಿವಾರ ಬಾಡಿಗೆಗೆ ಗನ್ ಕೊಡುವ ರೇಂಜ್‌ಗೆ ಕರೆದುಕೊಂಡು ಹೋದೆ. ಗುರಿಗೆ ಊಟದ ಪೇಪರ್ ತಟ್ಟೆ ಅಂಟಿಸಿದೆವು. ದೂರ 7 ಗಜ. ಇಂಥ ಗನ್ನುಗಳ ಕೆಲಸ ಅದಕ್ಕಿಂತ ಹತ್ತಿರದ್ದೇ.

ಮೊದಲು ಕೊಟ್ಟದ್ದು ಸ್ಮಿತ್ ಆ್ಯಂಡ್ ವೆಸನ್ 642. ಅಮೆರಿಕದಲ್ಲಿ ಜೇಬಿನ ರಿವಾಲ್ವರ್ ಅಂದರೆ ಹೆಚ್ಚಿನವರಿಗೆ ಮೊದಲು ನೆನಪಾಗುವುದು ಇದೇ. ಕಂಪನಿ 1950ರಲ್ಲಿ ಐದು ಗುಂಡಿನ ಚಿಕ್ಕ 'ಚೀಫ್ಸ್ ಸ್ಪೆಷಲ್' ತಂದಿತು. ಕಂಪನಿಗೆ ನೂರು ವರ್ಷ ತುಂಬಿದ 1952ರಲ್ಲಿ, ತೋಟಾ ಸಿಡಿಸುವ ಸುತ್ತಿಗೆಯನ್ನು (ಹ್ಯಾಮರ್) ಒಳಗೇ ಮುಚ್ಚಿಟ್ಟ 'ಸೆಂಟೆನಿಯಲ್' ಬಂತು. 642 ಅದರ ವಂಶದ್ದೇ. ಹೊರಗೆ ಕೊಕ್ಕೆಯಂಥದ್ದು ಏನೂ ಇಲ್ಲದ ಕಾರಣ ಜೇಬಿನ ಬಟ್ಟೆಗೆ ಸಿಕ್ಕಿಕೊಳ್ಳುವುದಿಲ್ಲ. ಅಲ್ಯೂಮಿನಿಯಂ ಮೈ, ಸ್ಟೀಲ್ ಸಿಲಿಂಡರ್, 2 ಇಂಚಿಗೆ ಚೂರು ಕಡಿಮೆ ನಳಿಗೆ, ಖಾಲಿ ಇದ್ದಾಗ 14.5 ಔನ್ಸ್ ಆಸುಪಾಸು ಅಂದರೆ 410 ಗ್ರಾಂ. .357ಗಿಂತ ಮೆತ್ತಗಿನ .38 ಸ್ಪೆಷಲ್ ತೋಟಾ ಐದು. ಕಪ್ಪು ಬಣ್ಣ ಬೇಕಿದ್ದವರಿಗೆ ಇದರದ್ದೇ ಜೋಡಿ 442. ಬದಿಯಲ್ಲಿ ಕೀ ಹಾಕುವ ಲಾಕ್ ಇರುವುದೂ ಇದೆ, ಇಲ್ಲದ್ದೂ ಇದೆ. ನಾನು ಇಲ್ಲದ್ದನ್ನೇ ಆರಿಸುತ್ತೇನೆ.

642ರ ಕಷ್ಟ ಎರಡು ಕಡೆ. ಟ್ರಿಗರ್ ಗಟ್ಟಿ, ಹೊಸದರಲ್ಲಿ 12 ಪೌಂಡ್ ಹತ್ತಿರ ಎಳೆಯಬೇಕು. 15 ಔನ್ಸ್ ತೂಕ ಕೂಡ ಇಲ್ಲದ ವಸ್ತುವನ್ನು 12 ಪೌಂಡ್ ಬಲದಿಂದ ಎಳೆದರೆ ಅದು ಅಲುಗದೆ ಇರುತ್ತದಾ? ಇನ್ನೊಂದು, ಮುಂದಿನ ಗುರಿಮೊನೆ ನಳಿಗೆಯದೇ ಒಂದು ಉಬ್ಬು. ಅದೂ ಬೂದು, ಗುರಿ ನೋಡುವ ಹಿಂದಿನ ಸೀಳೂ ಬೂದು. ಮಬ್ಬು ಬೆಳಕಿನಲ್ಲಿ ಏನೂ ಕಾಣುವುದಿಲ್ಲ. ಸ್ನೇಹಿತನ ಮೊದಲ ಐದರಲ್ಲಿ ಮೂರು ತಟ್ಟೆಯ ಕೆಳಗೆ ಎಡಕ್ಕೆ ಹೋದವು. ಎರಡು ತಟ್ಟೆಯ ಅಂಚಿಗೆ ಬಿದ್ದವು. ಬಲಗೈಯವರು ಗಟ್ಟಿ ಟ್ರಿಗರನ್ನು ಜಗ್ಗಿ ಎಳೆದಾಗ ಹೆಚ್ಚಾಗಿ ಗುಂಡು ಕೆಳಗೆ ಎಡಕ್ಕೇ ಹೋಗುತ್ತದೆ.

ಆಮೇಲೆ ರೂಗರ್ ಎಲ್‌ಸಿಆರ್. ಇದು 2009ರಲ್ಲಿ ಬಂದದ್ದು. ಬಂದಾಗ ಹಳಬರು ಮೂಗು ಮುರಿದಿದ್ದರು, ಏಕೆಂದರೆ ಟ್ರಿಗರಿನ ಯಂತ್ರ ಕೂರುವ ಹಿಂಭಾಗ ಪಾಲಿಮರ್, ಪ್ಲಾಸ್ಟಿಕ್ಕಿನ ಜಾತಿಯದು. ನೋಡಲು ಚೆಂದವೇನೂ ಇಲ್ಲ, ಒಪ್ಪುತ್ತೇನೆ. ಆದರೆ ಟ್ರಿಗರ್ ಎಳೆದು ನೋಡಿ. ಒಳಗಿನ ಕ್ಯಾಮ್ ಅನ್ನುವ ಬಿಡಿಭಾಗದ ಆಕಾರ ಬದಲಿಸಿ ಒತ್ತಡ ಕೊನೆಗೆ ಏರದ ಹಾಗೆ ಮಾಡಿದ್ದಾರೆ. ಹಳೆಯ ರಿವಾಲ್ವರುಗಳಲ್ಲಿ ಗುಂಡು ಹಾರುವ ಮುಂಚೆ ಬೆರಳಿಗೆ ಸಿಗುವ ಗೋಡೆಯಂಥ ಬಿಗಿ ಇದರಲ್ಲಿ ಇಲ್ಲ. ಬಾವಿಯ ಹಗ್ಗ ರಾಟೆಯ ಮೇಲೆ ಬಂದ ಹಾಗೆ ಒಂದೇ ಸಮ ಬರುತ್ತದೆ. .38ರ ಮಾಡೆಲ್ 13.5 ಔನ್ಸ್, ಅಂದರೆ 642ಗಿಂತಲೂ ಹಗುರ. ಆದರೆ ಹಿಡಿಯ ರಬ್ಬರ್ ಮೆತ್ತಗೆ, ಅಂಗೈ ತುಂಬಾ ಕೂರುತ್ತದೆ. ಹಾಗಾಗಿ ಒದೆತ 642ಗಿಂತ ಕಡಿಮೆ ಅನಿಸುತ್ತದೆ. ಸ್ನೇಹಿತ ಹೊಡೆದ ಐದರಲ್ಲಿ ನಾಲ್ಕು ತಟ್ಟೆಯೊಳಗೆ ಬಿದ್ದವು. ಅವನ ಮುಖ ನೋಡಬೇಕಿತ್ತು.

ಎಲ್‌ಸಿಆರ್‌ನಲ್ಲೂ ಒಂದು ಎಚ್ಚರ ಬೇಕು. ಹೊಡೆದ ಮೇಲೆ ಟ್ರಿಗರನ್ನು ಪೂರ್ತಿ ಮುಂದಕ್ಕೆ ಬಿಡಬೇಕು. ಅರ್ಧದಲ್ಲಿ ಒಂದು ಸಣ್ಣ ಕ್ಲಿಕ್ ಬೆರಳಿಗೆ ತಿಳಿಯುತ್ತದೆ. ಇಷ್ಟು ಸಾಕು ಅಂತ ಅಲ್ಲಿಂದಲೇ ಮತ್ತೆ ಎಳೆದರೆ ಗುಂಡು ಹಾರುವುದಿಲ್ಲ. ಗಾಬರಿಯಲ್ಲಿ ಈ ತಪ್ಪು ಸುಲಭವಾಗಿ ಆಗುತ್ತದೆ. ಅಭ್ಯಾಸದಲ್ಲೇ ಇದನ್ನು ಕೈಗೆ ಕಲಿಸಬೇಕು.

ನನ್ನ ಹತ್ತಿರ ಈಗ ಇರುವುದು ಎಲ್‌ಸಿಆರ್‌ನ .357 ಮಾಡೆಲ್. ಮ್ಯಾಗ್ನಮ್ ಹೊಡೆಯುವುದಕ್ಕೆ ಅಂತ ಅಲ್ಲ. ಅದರ ಮೈ ಸ್ಟೀಲು, ತೂಕ 17 ಔನ್ಸ್ ದಾಟುತ್ತದೆ, .38 ಮಾಡೆಲ್‌ಗಿಂತ ಸುಮಾರು 100 ಗ್ರಾಂ ಜಾಸ್ತಿ. .357 ಗನ್ನಿನಲ್ಲಿ .38 ಸ್ಪೆಷಲ್ ತೋಟಾ ಧಾರಾಳವಾಗಿ ಹೊಡೆಯಬಹುದು. ಉಲ್ಟಾ ಆಗುವುದಿಲ್ಲ. ಆ 100 ಗ್ರಾಂ ಜೇಬಿನಲ್ಲಿ ಅಷ್ಟಾಗಿ ಗೊತ್ತಾಗುವುದಿಲ್ಲ, ಕೈಯಲ್ಲಿ ಮಾತ್ರ ಚೆನ್ನಾಗಿ ಗೊತ್ತಾಗುತ್ತದೆ. ಬೆಲೆ ಸ್ವಲ್ಪ ಹೆಚ್ಚು. ಕೊಡಬಹುದು ಅನ್ನುವುದು ನನ್ನ ಅಭಿಪ್ರಾಯ.

ತೂಕ ಒದೆತವನ್ನು ನುಂಗುತ್ತದೆ ಅನ್ನುವುದು ನಾನು ಪುಸ್ತಕದಲ್ಲಿ ಓದಿ ಕಲಿತದ್ದಲ್ಲ. ನಮ್ಮದು ಕೊಡಗಿನ ವಿರಾಜಪೇಟೆ ಕಡೆ. ಕೈಲ್ ಪೊಳ್ದ್, ಅಂದರೆ ಆಯುಧ ಪೂಜೆಯ ಹಬ್ಬದ ದಿನ ಕೋವಿಗಳನ್ನು ಒರೆಸಿ, ಸಾಲಾಗಿ ಇಟ್ಟು, ತೋಕ್ ಪೂ (ಕೋವಿ ಹೂವು) ಮುಡಿಸಿ ಪೂಜೆ ಮಾಡುತ್ತಿದ್ದೆವು. ಆಮೇಲೆ ಮರದ ತುದಿಗೆ ಕಟ್ಟಿದ ತೆಂಗಿನಕಾಯಿಗೆ ಈಡು ಹೊಡೆಯುವ ಪಂದ್ಯ. ಅಜ್ಜನ ಜೋಡು ನಳಿಗೆ ಕೋವಿ ಎತ್ತಲು ಹದಿನಾರು ವರ್ಷದ ನನ್ನ ಕೈ ನಡುಗುತ್ತಿತ್ತು. ಆದರೆ ಭುಜಕ್ಕೆ ಒತ್ತಿ ಹೊಡೆದರೆ ಒಂದು ದೊಡ್ಡ ತಳ್ಳು, ಅಷ್ಟೇ. ಪಕ್ಕದ ಮನೆಯವರ ಹಗುರ ಒಂಟಿ ನಳಿಗೆಯಲ್ಲಿ ಅದೇ ತೋಟಾ ಹೊಡೆದಾಗ ಭುಜ ಎರಡು ದಿನ ನೀಲಿಗಟ್ಟಿತ್ತು. ರಿವಾಲ್ವರಿಗೂ ಇದೇ ಲೆಕ್ಕ.

ಹಾಗಾದರೆ ಪೂರ್ತಿ ಸ್ಟೀಲಿನದ್ದೇ ಯಾಕೆ ಬೇಡ? ಬೆಲ್ಟ್ ಕಟ್ಟುವವರಿಗೆ ಖಂಡಿತ ಬೇಕು. ಸ್ಮಿತ್ ಆ್ಯಂಡ್ ವೆಸನ್ 640 ಸುಮಾರು 22 ಔನ್ಸ್, ಐದು ಗುಂಡು, ಇದರದ್ದೂ ಸುತ್ತಿಗೆ ಒಳಗೇ. ಕಿಂಬರ್ ಕೆ6ಎಸ್ 2016ರಲ್ಲಿ ಬಂತು. 23 ಔನ್ಸ್, ಹೆಚ್ಚು ದಪ್ಪವಾಗದೆ ಆರು ಗುಂಡು ಹಿಡಿಯುತ್ತದೆ. ಟ್ರಿಗರ್ ಪೆಟ್ಟಿಗೆಯಿಂದ ತೆಗೆದಾಗಲೇ ನಯ, ಗುರಿಮೊನೆಯೂ ಚೆನ್ನಾಗಿ ಕಾಣುತ್ತದೆ. ದುಬಾರಿ. ಕೋಲ್ಟ್ 2017ರಲ್ಲಿ ತನ್ನ ಹಳೆಯ ಕೋಬ್ರಾ ಹೆಸರನ್ನು ಮತ್ತೆ ತಂದಿತು. ಅದು 25 ಔನ್ಸ್, ಆರು ಗುಂಡು, ಹೊರಗೆ ಸುತ್ತಿಗೆ ಇರುವ ಮಾಡೆಲ್. ಜೇಬಿಗೆ ದೊಡ್ಡದಾಯಿತು, ಬೆಲ್ಟಿಗೆ ಸೊಗಸು. ಈ ಮೂರರಲ್ಲಿ ಯಾವುದನ್ನು ಹಿಡಿದರೂ .38 ತೋಟಾ ಹೊಡೆಯುವುದು ಸುಖ. ನನಗೆ ಇಷ್ಟವಾದದ್ದು ಕಿಂಬರ್.

ಟಾರಸ್ 856 ಮತ್ತು ಚಾರ್ಟರ್ ಆರ್ಮ್ಸ್ ಅಂಡರ್‌ಕವರ್ ಬೆಲೆ ಕಡಿಮೆ ಅಂತ ಬಹಳ ಜನ ನೋಡುತ್ತಾರೆ. 856ರಲ್ಲಿ ಆರು ಗುಂಡು ಬರುತ್ತದೆ, ಅದು ಒಳ್ಳೆಯದೇ. ತಗೊಂಡರೆ ಕನಿಷ್ಠ 200 ತೋಟಾ ಹೊಡೆದು, ಪ್ರತಿಯೊಂದೂ ಸರಿಯಾಗಿ ಹಾರಿತಾ ಅಂತ ನೋಡಿಕೊಂಡ ಮೇಲೆ ಜೇಬಿಗೆ ಹಾಕಿ. ಈ ಮಾತು ದುಬಾರಿ ಗನ್ನಿಗೂ ಅನ್ವಯಿಸುತ್ತದೆ.

ಚಿಕ್ಕ ಕೈ, ನೋಯುವ ಮಣಿಕಟ್ಟು

ನನ್ನ ಹೆಂಡತಿಗೆ ಮಣಿಕಟ್ಟಿನ ನೋವು. ಅವಳಿಗೆ .38 ಯಾವುದರಲ್ಲೂ ಹಿತವಾಗಲಿಲ್ಲ. ಅವಳಿಗಾಗಿ ಹುಡುಕುವಾಗ ನನಗೆ .32 ಸಿಕ್ಕಿತು. ಅಂಗಡಿಗಳಲ್ಲಿ ಇದನ್ನು ಯಾರೂ ಮುಂದಾಗಿ ತೋರಿಸುವುದಿಲ್ಲ. ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

.32 ಎಚ್ ಆ್ಯಂಡ್ ಆರ್ ಮ್ಯಾಗ್ನಮ್ 1984ರ ತೋಟಾ. ಹೆಸರಲ್ಲಿ ಮ್ಯಾಗ್ನಮ್ ಇದ್ದರೂ ಒದೆತ .38ಗಿಂತ ಎಷ್ಟೋ ಕಡಿಮೆ. ತೋಟಾ ಸಣ್ಣದಾದ್ದರಿಂದ ಐದರ ಜಾಗದಲ್ಲಿ ಆರು ಹಿಡಿಯುತ್ತದೆ. 2024ರಲ್ಲಿ ಸ್ಮಿತ್ ಆ್ಯಂಡ್ ವೆಸನ್ ಮತ್ತು ವಿತರಕರಾದ ಲಿಪ್ಸೀಸ್ ಸೇರಿ 'ಅಲ್ಟಿಮೇಟ್ ಕ್ಯಾರಿ' ಅನ್ನುವ ಸಾಲು ತಂದರು. ಅದರಲ್ಲಿ 432 ಅನ್ನುವುದು .32ರದ್ದು, 642 ಅನ್ನುವುದು .38ರದ್ದು. ಹಳೆಯ 642ರ ಬಗ್ಗೆ ನಾನು ಮೇಲೆ ಹೇಳಿದ ದೂರುಗಳನ್ನೆಲ್ಲ ಯಾರೋ ಕೂತು ಕೇಳಿಸಿಕೊಂಡ ಹಾಗಿದೆ. ಕತ್ತಲಲ್ಲೂ ಮಿನುಗುವ ಎತ್ತರದ ಗುರಿಮೊನೆ, ಅಗಲವಾದ ಹಿಂದಿನ ಸೀಳು, ಕೈ ಮೇಲಕ್ಕೆ ಕೂರುವ ಹಿಡಿ, ಹಗುರಾದ ಟ್ರಿಗರ್. ತೂಕ 16 ಔನ್ಸ್ ಆಸುಪಾಸು. ಹೆಂಡತಿ ಅದರಲ್ಲಿ ಮೊದಲ ಆರನ್ನೂ ತಟ್ಟೆಯೊಳಗೇ ಹಾಕಿದಳು. ಗನ್ ಕೆಳಗಿಟ್ಟು, ಕೈ ಒಮ್ಮೆ ಮಡಚಿ ಬಿಡಿಸಿ ನೋಡಿ, "ಇನ್ನೊಂದು ಡಬ್ಬ ಇದೆಯಾ?" ಅಂದಳು. ಅವಳ ಗನ್ ಅದೇ ಆಯಿತು.

ರೂಗರ್‌ನಲ್ಲಿ .327 ಫೆಡರಲ್ ಅನ್ನುವ ತೋಟಾದ ಎಲ್‌ಸಿಆರ್ ಇದೆ. ಆರು ಗುಂಡು, 17 ಔನ್ಸ್. ಅದರಲ್ಲಿ .32 ಎಚ್ ಆ್ಯಂಡ್ ಆರ್, ಅದಕ್ಕಿಂತ ಮೆತ್ತಗಿನ .32 ಎಸ್ ಆ್ಯಂಡ್ ಡಬ್ಲ್ಯೂ ಲಾಂಗ್ ಎಲ್ಲವನ್ನೂ ಹೊಡೆಯಬಹುದು. ಈ .32 ಲಾಂಗ್ ನಮ್ಮ ದೇಶದಲ್ಲಿ ಲೈಸೆನ್ಸ್ ಇರುವವರಿಗೆ ಪರಿಚಿತವೇ. ಕಾನ್ಪುರದ ಸರ್ಕಾರಿ ಕಾರ್ಖಾನೆಯ .32 ರಿವಾಲ್ವರ್, 2014ರಲ್ಲಿ ಮಹಿಳೆಯರಿಗೆ ಅಂತ ಬಿಟ್ಟ 'ನಿರ್ಭೀಕ್', ಎಲ್ಲ ಹೊಡೆಯುವುದು ಇದೇ ತೋಟಾ. ಕಷ್ಟ ಏನೆಂದರೆ ಅಮೆರಿಕದ ಅಂಗಡಿಗಳಲ್ಲಿ .32 ತೋಟಾ ಸುಲಭವಾಗಿ ಸಿಗುವುದಿಲ್ಲ, ಸಿಕ್ಕರೂ .38ಗಿಂತ ದುಬಾರಿ. ನಾನು ಕಂಡಾಗ ಕಂಡಾಗ ಎರಡು ಡಬ್ಬ ತಂದಿಡುತ್ತೇನೆ.

ಇದೂ ಆಗದಿದ್ದರೆ .22. ಎಲ್‌ಸಿಆರ್‌ನ .22 ಮಾಡೆಲ್‌ನಲ್ಲಿ ಎಂಟು ಗುಂಡು, ಒದೆತ ಇಲ್ಲವೇ ಇಲ್ಲ ಅನ್ನಬಹುದು. ಆದರೆ .22ರಲ್ಲಿ ಸಿಡಿಮದ್ದು ಇರುವುದು ತೋಟಾದ ಅಂಚಿನಲ್ಲಿ. ಹಾರದೆ ಉಳಿಯುವುದು ಬೇರೆ ತೋಟಾಗಳಿಗಿಂತ ಹೆಚ್ಚು. ರಿವಾಲ್ವರ್ ಆದ್ದರಿಂದ ಮತ್ತೆ ಟ್ರಿಗರ್ ಎಳೆದರೆ ಮುಂದಿನದು ಬರುತ್ತದೆ, ಅದೊಂದು ಸಮಾಧಾನ. ಬಲವೂ ಕಡಿಮೆ. ನಾನು ಇದನ್ನು ಅಭ್ಯಾಸಕ್ಕೆ ಜೋಡಿಯಾಗಿ ಇಟ್ಟುಕೊಳ್ಳಿ ಅನ್ನುತ್ತೇನೆ. ಬೇರೆ ಯಾವುದೂ ಹಿಡಿಯಲಾಗದ ವಯಸ್ಸಾದವರಿಗಾದರೆ ಇದೇ ಸರಿ.

ರಿವಾಲ್ವರ್ರೇ ಯಾಕೆ

ಪ್ರಾಮಾಣಿಕವಾಗಿ ಹೇಳಬೇಕು. 2018ರಲ್ಲಿ ಬಂದ ಸಿಗ್ ಪಿ365 ಥರದ ಚಿಕ್ಕ ಪಿಸ್ತೂಲ್ 18 ಔನ್ಸ್ ಒಳಗೇ ಇದೆ, ಮ್ಯಾಗಜೀನ್‌ನಲ್ಲಿ 10 ಗುಂಡು, ಚೇಂಬರಿನಲ್ಲಿ ಇನ್ನೊಂದು. ರಿವಾಲ್ವರಿಗಿಂತ ತೆಳ್ಳಗೆ, ಟ್ರಿಗರ್ ಹಗುರ, ಮತ್ತೆ ತುಂಬುವುದು ಬೇಗ. ವಾರ ವಾರ ಅಭ್ಯಾಸ ಮಾಡುವ, ಬೆಲ್ಟ್ ಕಟ್ಟುವ, ಕೈಯಲ್ಲಿ ಬಲ ಇರುವವರಿಗೆ ನಾನು ಅದನ್ನೇ ಹೇಳುತ್ತೇನೆ.

ರಿವಾಲ್ವರ್ ಬೇಕಾಗುವುದು ಬೇರೆಯವರಿಗೆ. ಪಿಸ್ತೂಲಿನ ಮೇಲ್ಭಾಗದ ಸ್ಲೈಡ್ ಹಿಂದಕ್ಕೆ ಎಳೆಯುವ ಶಕ್ತಿ ಬೆರಳಲ್ಲಿ ಇಲ್ಲದವರಿಗೆ. ಜೇಬಿನಲ್ಲೇ ಇಡಬೇಕಾದವರಿಗೆ, ಏಕೆಂದರೆ ಆ ಉದ್ದನೆಯ ಗಟ್ಟಿ ಟ್ರಿಗರ್ ಜೇಬಿನಲ್ಲಿ ಒಂದು ರಕ್ಷಣೆ. ಗುಂಡು ಹಾರದಿದ್ದರೆ ಏನೂ ಯೋಚಿಸದೆ ಮತ್ತೆ ಎಳೆದರೆ ಸಾಕು ಅನ್ನುವ ಸರಳತೆ ಬೇಕಾದವರಿಗೆ. ಕೋಟಿನ ಜೇಬಿನಲ್ಲಿ ಕೈಯಿಟ್ಟುಕೊಂಡೇ ಕಾರಿನ ತನಕ ನಡೆಯಬಹುದು, ನೋಡುವವರಿಗೆ ಚಳಿಗೆ ಕೈಯಿಟ್ಟ ಹಾಗೆ ಕಾಣುತ್ತದೆ. ಸುತ್ತಿಗೆ ಒಳಗಿರುವ ರಿವಾಲ್ವರ್ ಕೋಟಿನ ಒಳಗಿಂದಲೂ ಹೊಡೆಯಬಲ್ಲದು. ಪಿಸ್ತೂಲಿನ ಸ್ಲೈಡ್ ಅಲ್ಲಿ ಬಟ್ಟೆಗೆ ಸಿಕ್ಕಿಕೊಳ್ಳಬಹುದು.

ಎಲ್ಲಿ ಇಡುವುದು

ಜೇಬಿನಲ್ಲಿ ಇಡುವುದಾದರೆ ಜೇಬಿನ ಹೋಲ್‌ಸ್ಟರ್ (ಗನ್ನಿನ ಚೀಲ) ಇಲ್ಲದೆ ಬೇಡ. ಟ್ರಿಗರ್ ಪೂರ್ತಿ ಮುಚ್ಚಿರಬೇಕು. ಆ ಜೇಬಿನಲ್ಲಿ ಬೇರೆ ಏನೂ ಇರಬಾರದು. ಕೀ ಬೇಡ, ಚಿಲ್ಲರೆ ಬೇಡ, ಏಲಕ್ಕಿ ಡಬ್ಬಿಯೂ ಬೇಡ. ತೂಕ 18 ಔನ್ಸ್ ದಾಟಿದರೆ ಜೇಬು ಮರೆತುಬಿಡಿ, ನಡೆಯುವಾಗ ತೊಡೆಗೆ ಬಡಿಯುತ್ತದೆ. ರಬ್ಬರ್ ಹಿಡಿ ಕೈಗೆ ಹಿತವಾದರೂ ಜೇಬಿನ ಬಟ್ಟೆಗೆ ಅಂಟಿ ಹೊರಗೆ ಬರಲು ಸತಾಯಿಸುತ್ತದೆ. ಮನೆಯಲ್ಲಿ ಖಾಲಿ ಗನ್ ಇಟ್ಟು, ಕೂತಲ್ಲಿಂದ, ಕಾರಿನ ಸೀಟಿನಿಂದ ತೆಗೆದು ನೋಡಿ. ಸೀಟ್‌ಬೆಲ್ಟ್ ಹಾಕಿದ ಮೇಲೆ ಮುಂದಿನ ಜೇಬಿಗೆ ಕೈ ಹೋಗುವುದಿಲ್ಲ ಅನ್ನುವುದು ಆಗಲೇ ಗೊತ್ತಾಗುವುದು.

ಬೆಲ್ಟ್ ಆದರೆ ಗಟ್ಟಿ ಚರ್ಮದ, ಅಗಲವಾದ ಬೆಲ್ಟ್ ತಗೊಳ್ಳಿ. 40 ಡಾಲರ್ ಉಳಿಸಲು ಹೋಗಿ ಸುಮ್ನೆ ದಿನವಿಡೀ ಪ್ಯಾಂಟ್ ಎಳೆದುಕೊಳ್ಳುವುದು ಬೇಡ. ಹೆಂಗಸರ ಪ್ಯಾಂಟಿನ ಜೇಬುಗಳು ಹೆಸರಿಗೆ ಮಾತ್ರ. ನನ್ನ ಹೆಂಡತಿ ಕುರ್ತಾ ಒಳಗೆ ಹೊಟ್ಟೆಪಟ್ಟಿ ಕಟ್ಟುತ್ತಾಳೆ. ಅದರಲ್ಲೂ ಟ್ರಿಗರ್ ಮೇಲೆ ಗಟ್ಟಿ ಹೊದಿಕೆ ಇರುವ ಪಟ್ಟಿಯನ್ನೇ ನೋಡಿ, ಬರೀ ಎಲಾಸ್ಟಿಕ್ ಬೇಡ. ಹ್ಯಾಂಡ್‌ಬ್ಯಾಗ್ ನನಗೆ ಒಪ್ಪಿಗೆಯಿಲ್ಲ. ಕಳ್ಳ ಮೊದಲು ಕಿತ್ತುಕೊಳ್ಳುವುದೇ ಅದನ್ನು, ಮಕ್ಕಳು ಚಾಕಲೇಟ್ ಹುಡುಕುವುದೂ ಅದರಲ್ಲೇ. ಸೀರೆ ಅಥವಾ ಪಂಚೆ ಉಟ್ಟ ದಿನ ಗನ್ ಮನೆಯ ಸೇಫ್‌ನಲ್ಲಿರಲಿ. ದೇವಸ್ಥಾನದ ಬಾಗಿಲಲ್ಲಿ ಹೇಗಿದ್ದರೂ ಬೋರ್ಡ್ ಓದಬೇಕು. ಟೆಕ್ಸಸ್‌ನಲ್ಲಿ 30.05, 30.06, 30.07 ಅಂತ ಬರೆದ, ಗನ್ ತರಬೇಡಿ ಅನ್ನುವ ಬೋರ್ಡುಗಳಿಗೆ ಕಾನೂನಿನ ಬಲ ಇದೆ. ಅಂಚೆ ಕಚೇರಿ, ಫೆಡರಲ್ ಕಟ್ಟಡಗಳಿಗೆ ಬೋರ್ಡ್ ನೋಡುವ ಪ್ರಶ್ನೆಯೇ ಇಲ್ಲ, ಒಯ್ಯುವ ಹಾಗಿಲ್ಲ.

ಟೆಕ್ಸಸ್‌ನ ಬೇಸಿಗೆ ಬೆವರಿಗೆ ಸಾಮಾನ್ಯ ಸ್ಟೀಲ್ ಬೇಗ ತುಕ್ಕು ಹಿಡಿಯುತ್ತದೆ. ಸ್ಟೇನ್‌ಲೆಸ್ ಆದರೂ ವಾರಕ್ಕೊಮ್ಮೆ ಒರೆಸಿ. ಜೇಬಿನ ದೂಳು, ನೂಲಿನ ಚೂರು ತೋಟಾ ಹೊರದಬ್ಬುವ ನಕ್ಷತ್ರದಂಥ ತಟ್ಟೆಯ ಕೆಳಗೆ ಸೇರಿದರೆ ಸಿಲಿಂಡರ್ ಬಿಗಿಯಾಗುತ್ತದೆ. ಹಳೆಯ ಹಲ್ಲುಜ್ಜುವ ಬ್ರಷ್ ಸಾಕು.

ಒಳಗೆ ಏನು ತುಂಬುವುದು

2 ಇಂಚಿನ ನಳಿಗೆಯಿಂದ ಹೊರಟ .38 ಗುಂಡಿಗೆ ವೇಗ ಕಡಿಮೆ. ತಾಗಿದಾಗ ಅರಳಿ ಅಗಲವಾಗಬೇಕಾದ ಎಷ್ಟೋ ಟೊಳ್ಳುಮೂತಿಯ ಗುಂಡುಗಳು ಆ ವೇಗಕ್ಕೆ ಅರಳುವುದೇ ಇಲ್ಲ. ಸ್ಪೀರ್ ಕಂಪನಿಯ ಗೋಲ್ಡ್ ಡಾಟ್‌ನ 135 ಗ್ರೇನ್ (ಗ್ರೇನ್ ಅಂದರೆ ಗುಂಡಿನ ತೂಕದ ಅಳತೆ) ಚಿಕ್ಕ ನಳಿಗೆಗೆಂದೇ ಮಾಡಿದ್ದು, ಆದರೆ ಹೆಚ್ಚು ಒತ್ತಡದ್ದು, ಒದೆತ ಜಾಸ್ತಿ. ಹಗುರ ಗನ್ ಇರುವವರಿಗೆ ನಾನು ಹೇಳುವುದು 148 ಗ್ರೇನ್ ವ್ಯಾಡ್‌ಕಟರ್. ಇದು ಗುರಿ ಅಭ್ಯಾಸದ ತೋಟಾ, ಗುಂಡಿನ ಮೂತಿ ಚಪ್ಪಟೆ, ಪೇಪರಿನಲ್ಲಿ ಪಂಚ್ ಹೊಡೆದ ಹಾಗೆ ದುಂಡನೆ ತೂತು ಬೀಳುತ್ತದೆ. ಒದೆತ ಬಹಳ ಮೆತ್ತಗೆ. ಅರಳದಿದ್ದರೂ ಆಳಕ್ಕೆ ಹೋಗುತ್ತದೆ. ಒಂದು ತೊಡಕು ಅಂದರೆ ಚಪ್ಪಟೆ ಮೂತಿ ಸಿಲಿಂಡರಿನ ತೂತಿಗೆ ಸಲೀಸಾಗಿ ಇಳಿಯುವುದಿಲ್ಲ. ಅದಕ್ಕೆ ನಾನು ಗನ್ನಿನಲ್ಲಿ ವ್ಯಾಡ್‌ಕಟರ್ ಇಟ್ಟು, ಇನ್ನೊಂದು ಜೇಬಿನಲ್ಲಿ, ತೋಟಾ ಸಾಲಾಗಿ ಹಿಡಿದಿಡುವ ಸ್ಪೀಡ್ ಸ್ಟ್ರಿಪ್‌ನಲ್ಲಿ ದುಂಡುಮೂತಿಯವನ್ನು ಇಡುತ್ತೇನೆ.

ಹೊಡೆಯುವಾಗ ಎಡಗೈಯ ಬೆರಳು ಸಿಲಿಂಡರಿನ ಮುಂದಕ್ಕೆ ಹೋಗದಿರಲಿ. ಸಿಲಿಂಡರ್ ಮತ್ತು ನಳಿಗೆಯ ನಡುವಿನ ಸಣ್ಣ ಸಂದಿಯಿಂದ ಬೆಂಕಿಯಂಥ ಬಿಸಿ ಗಾಳಿ ಚಿಮ್ಮುತ್ತದೆ. ಪಿಸ್ತೂಲ್ ಹಿಡಿದು ಅಭ್ಯಾಸ ಇರುವವರೇ ಇಲ್ಲಿ ಬೆರಳು ಸುಟ್ಟುಕೊಳ್ಳುವುದು.

ಮನೆ, ಮತ್ತು ಊರಿನ ಬ್ಯಾಗು

ಸೇಫ್‌ಗೆ ದುಡ್ಡು ಇಲ್ಲದಿದ್ದರೆ ಗನ್ನೂ ಬೇಡ. ಟೆಕ್ಸಸ್‌ನಲ್ಲಿ ತುಂಬಿದ ಗನ್ನನ್ನು ಅಜಾಗರೂಕತೆಯಿಂದ ಇಟ್ಟು, ಅದು 17 ವರ್ಷದೊಳಗಿನ ಮಗುವಿನ ಕೈಗೆ ಸಿಕ್ಕರೆ ಅದೇ ಅಪರಾಧ. ಕಾನೂನು ಹಾಗಿರಲಿ, 12 ಪೌಂಡಿನ ಟ್ರಿಗರ್ ಮಗುವಿಗೆ ಎಳೆಯಲಾಗದು ಅನ್ನುವ ನಂಬಿಕೆ ಬೇಡ, ಎರಡು ಕೈ ಹಾಕಿ ಎಳೆಯುತ್ತವೆ. ಮನೆಯಲ್ಲಿ ಯಾರಿಗಾದರೂ ಮನಸ್ಸು ತೀರಾ ಕುಗ್ಗಿದ್ದರೆ ಆ ಕಾಲ ಕಳೆಯುವ ತನಕ ಗನ್ ಮನೆಯಿಂದಲೇ ಹೊರಗಿರಲಿ. ನಂಬಿಕಸ್ಥರ ಸೇಫ್‌ನಲ್ಲಿ ಇಡಿಸಿ. ಕೇಳಲು ಸಂಕೋಚ ಬೇಡ.

ಇನ್ನೊಂದು ಮಾತು. ರೇಂಜ್‌ಗೆ ಒಯ್ಯುವ ಬ್ಯಾಗನ್ನು ಬೇರೆ ಯಾವುದಕ್ಕೂ ಬಳಸಬೇಡಿ. ಅದೇ ಬ್ಯಾಗಿಗೆ ಬಟ್ಟೆ ತುಂಬಿ ಬೆಂಗಳೂರಿಗೆ ಹೊರಟು, ಮೂಲೆಯಲ್ಲಿ ಮರೆತು ಉಳಿದ ಒಂದು ತೋಟಾ ವಿಮಾನ ನಿಲ್ದಾಣದ ಎಕ್ಸ್‌ರೇಯಲ್ಲಿ ಕಂಡರೆ ಸಾಕು. ಭಾರತದಲ್ಲಿ ಆರ್ಮ್ಸ್ ಆ್ಯಕ್ಟ್ ಅಡಿ ಕೇಸ್ ಆಗುತ್ತದೆ. ಮರೆತಿದ್ದೆ ಅಂತ ಸಾಬೀತು ಮಾಡಲು ಕೋರ್ಟು ಸುತ್ತಬೇಕು. ನಮ್ಮ ಮನೆಯಲ್ಲಿ ಆ ಬ್ಯಾಗ್ ಕೆಂಪು ಬಣ್ಣದ್ದು, ಗ್ಯಾರೇಜಿನಿಂದ ಒಳಗೆ ಬರುವುದೇ ಇಲ್ಲ.

ಸ್ನೇಹಿತನಿಗೆ ನಾನು ಹೇಳಿದ್ದು .357 ಎಲ್‌ಸಿಆರ್. ಅವನು ಎರಡು ವಾರ ಯೋಚಿಸಿ ತಗೊಂಡದ್ದು 640. ದಿನಾ ಬೆಲ್ಟ್ ಕಟ್ಟುತ್ತಾನೆ, ಹೆಚ್ಚು ಹೊತ್ತು ನಿಂತೇ ಕೆಲಸ, ಭಾರ ಗೊತ್ತಾಗುವುದಿಲ್ಲವಂತೆ. ಮೊದಲ ಶನಿವಾರವೇ 50ರ ಡಬ್ಬ ಖಾಲಿ ಮಾಡಿ, ಕೊನೆಯ ತಟ್ಟೆಯನ್ನು ಮಡಚಿ ಕಾರಿನಲ್ಲಿಟ್ಟುಕೊಂಡ. ನಾಳಿದ್ದು ಮತ್ತೆ ಹೋಗುತ್ತಿದ್ದೇವೆ. ಈ ಸಲ ಎಡಗೈಯಲ್ಲಿ ಹೊಡೆಯುವುದನ್ನು ಹೇಳಿಕೊಡಬೇಕು. ಬಲಗೈಯಲ್ಲಿ ಅವನು ದುಡ್ಡಿನ ಚೀಲ ಹಿಡಿದಿರುತ್ತಾನಲ್ಲ.